ಮೆಕೆಂಜಿ: ಒಂದು ಗೇಲಿಕ್ ಅಡ್ಡಹೆಸರಿನ ಚರಿತ್ರೆ

ಮೆಕೆಂಜಿ ಎಂಬುದು ಸ್ಕಾಟ್ಲೆಂಡಿನ ವಾಯವ್ಯದ ಬೆಟ್ಟನಾಡಿನಲ್ಲಿ, ಹೈಲ್ಯಾಂಡ್ ಎಂದು ಹೆಸರಾದ ಸೀಮೆಯಲ್ಲಿ ಹುಟ್ಟಿದ ಗೇಲಿಕ್ ಅಡ್ಡಹೆಸರು. ಗೇಲಿಕ್ ಭಾಷೆಯಲ್ಲಿ ಅದರ ರೂಪ ‘ಮಾಕ್ ಕೊಞಿಖ್’. ‘ಮಾಕ್’ ಎಂದರೆ ಮಗ. ‘ಕೊಞಿಖ್’ ಎಂಬುದು ‘ಕೊಞಖ್’ ಎಂಬ ಗಂಡಸಿನ ಹೆಸರಿನ ಷಷ್ಠೀ ವಿಭಕ್ತಿ ರೂಪ. ಒಟ್ಟು ಅರ್ಥ ‘ಕೊಞಖನ ಮಗ’. ಇಂಗ್ಲಿಷಿನಲ್ಲಿ ಕೆನೆತ್ ಎಂದು ಬರೆಯುವ ಹೆಸರೇ ಈ ಕೊಞಖ್. ಪದದ ಕೊನೆಯ ಧ್ವನಿ ಖಕಾರ ಹಕಾರಗಳ ನಡುವಿನದು. ಮಧ್ಯದ ಧ್ವನಿಗೆ ಇಂಗ್ಲಿಷಿನಲ್ಲಿ ಒಂಟಿ ಅಕ್ಷರವಿಲ್ಲ. ಕನ್ನಡದ ಞಕಾರ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಈ ಒಂದು ಧ್ವನಿಯನ್ನು ಬರೆಹಕ್ಕೆ ಇಳಿಸುವಲ್ಲಿ ಬಂದ ತೊಡಕೇ ಹೆಸರಿಗೆ ಇಂದಿನ ರೂಪ ಕೊಟ್ಟಿತು.

ಕೊಞಖ್ ಹೆಸರಿನ ಮೂಲ ಹಳೆಯ ಐರಿಷ್ ಭಾಷೆಯ ‘ಕಾಯಿನ್’ ಎಂಬ ಪದ. ಚೆಲುವಾದ, ಸೊಗಸಾದ ಎಂಬುದು ಅದರ ಅರ್ಥ. ಅದರಿಂದ ‘ಕಾನ್ನೆಖ್’ ಎಂಬ ಹೆಸರು ಹುಟ್ಟಿ, ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಬಂದು ಕೊಞಖ್ ಆಯಿತು. ಹೆಸರು ಜನರ ಬಾಯಲ್ಲಿ ನೆಲೆಯಾಗಲು ಒಬ್ಬ ಸಂತನ ಕೀರ್ತಿಯೂ ನೆರವಾಯಿತು. 6ನೆಯ ಶತಮಾನದ ಐರಿಷ್ ಸಂತ ಕಾನ್ನೆಖ್, ಅಯೋನಾ ದ್ವೀಪದಲ್ಲಿ ಮಠ ಕಟ್ಟಿದ ಕೊಲಂಬನ ಗೆಳೆಯ. ಐರ್ಲೆಂಡಿನ ಕಿಲ್ಕೆನಿ ಪಟ್ಟಣದ ಹೆಸರಿಗೆ ‘ಕಾನ್ನೆಖನ ಗುಡಿ’ ಎಂದು ಅರ್ಥ. ಸ್ಕಾಟ್ಲೆಂಡಿನ ಮಲ್ ದ್ವೀಪದ ಪಕ್ಕದಲ್ಲಿರುವ ಇಂಚ್‌ಕೆನೆತ್ ಎಂಬ ಪುಟ್ಟ ನಡುಗಡ್ಡೆಯೂ ಅವನ ಹೆಸರಿನದೇ. ಮಕ್ಕಳಿಗೆ ಸಂತನ ಹೆಸರಿಡುವ ರೂಢಿ ಆ ಕರಾವಳಿಯಲ್ಲಿ ಬಲವಾಗಿತ್ತು.

ಕೆನೆತ್ ಎಂಬ ಇಂಗ್ಲಿಷ್ ರೂಪ ಇಲ್ಲೊಂದು ಗೊಂದಲ ತಂದಿಟ್ಟಿದೆ. 9ನೆಯ ಶತಮಾನದ ಸ್ಕಾಟ್ ದೊರೆ ಕೆನೆತ್ ಮ್ಯಾಕ್‌ಆಲ್ಪಿನ್‌ನ ನಿಜವಾದ ಹೆಸರು ಕಿನೇದ್. ಅದು ಕೊಞಖ್‌ಗಿಂತ ತೀರ ಬೇರೆ ಹೆಸರು. ಅದರ ಬೇರಿನಲ್ಲಿ ಬೆಂಕಿ ಎಂಬ ಅರ್ಥವಿದೆಯೆಂದು ಊಹಿಸಿದವರಿದ್ದಾರೆ. ಇಂಗ್ಲಿಷಿಗೆ ಬರುವಾಗ ಎರಡೂ ಕೆನೆತ್ ಆಗಿಬಿಟ್ಟವು. ಮೆಕೆಂಜಿ ಎಂದರೆ ‘ಬೆಂಕಿಯಿಂದ ಹುಟ್ಟಿದವನ ಮಗ’ ಎಂದು ಕೆಲವು ಜನಪ್ರಿಯ ಪುಸ್ತಕಗಳು ಬರೆಯುವುದು ಈ ಬೆರಕೆಯಿಂದಲೇ. ಅದು ತಪ್ಪು. ಮೆಕೆಂಜಿಗಳ ಮೂಲಪುರುಷನ ಹೆಸರಿನಲ್ಲಿರುವುದು ಚೆಲುವು, ಬೆಂಕಿಯಲ್ಲ.

‘ಮಾಕ್’ ಬಗೆಗೂ ಒಂದು ಮಾತು ಹೇಳಬೇಕು. ಗೇಲಿಕ್ ವ್ಯಾಕರಣದಲ್ಲಿ ಸಂಬಂಧ ಸೂಚಿಸುವಾಗ ಮುಂದಿನ ಹೆಸರಿನ ಮೊದಲ ವ್ಯಂಜನ ಮೆದುವಾಗುತ್ತದೆ. ಕೊಞಖ್ ಎಂಬ ಒಬ್ಬಾತನ ಸ್ವಂತ ಮಗನನ್ನು ಹೇಳುವಾಗ ‘ಮಾಕ್ ಖೊಞಿಖ್’ ಎನ್ನುತ್ತಾರೆ. ಅಡ್ಡಹೆಸರು ಹೇಳುವಾಗ ಮಾತ್ರ ಮೊದಲ ಕಕಾರ ಗಟ್ಟಿಯಾಗಿಯೇ ಉಳಿಯುತ್ತದೆ: ‘ಮಾಕ್ ಕೊಞಿಖ್’. ತಂದೆ ಯಾರೆಂದು ಹೇಳುವ ಮಾತಿಗೂ ಮನೆತನ ಯಾವುದೆಂದು ಹೇಳುವ ಮಾತಿಗೂ ಇರುವ ಅಂತರವನ್ನು ಆ ಭಾಷೆ ಒಂದೇ ವ್ಯಂಜನದಲ್ಲಿ ಇಟ್ಟಿದೆ. ಹೆಣ್ಣುಮಕ್ಕಳ ಅಡ್ಡಹೆಸರೂ ಬೇರೆ. ಅವರು ‘ಮಾಕ್’ ಅಲ್ಲ, ‘ನಿಕ್’. ಮಗನ ಮಗಳು ಎಂಬರ್ಥದ ಹಳೆಯ ನುಡಿಗಟ್ಟು ಸವೆದು ಆದ ಪದ ಅದು. ಹಾಗಾಗಿ ಅಣ್ಣ ‘ಮಾಕ್ ಕೊಞಿಖ್’ ಆದರೆ ತಂಗಿ ‘ನಿಕ್ ಕೊಞಿಖ್’. ಇಂಗ್ಲಿಷ್ ದಾಖಲೆಗಳು ಈ ಭೇದವನ್ನು ಅಳಿಸಿ ಇಬ್ಬರನ್ನೂ ಮೆಕೆಂಜಿ ಮಾಡಿದವು.

ಹೈಲ್ಯಾಂಡಿನ ಜನ ಗೇಲಿಕ್ ಆಡುತ್ತಿದ್ದರೂ ಸನ್ನದು, ಕರಾರು, ಗೇಣಿ ಪಟ್ಟಿಗಳನ್ನು ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ ಅಥವಾ ತಗ್ಗುನಾಡಿನ ಸ್ಕಾಟ್ಸ್ ಭಾಷೆಯಲ್ಲಿ. ಸ್ಕಾಟ್ಸ್ ಬರೆಹಗಾರರ ಬಳಿ ‘ಯೋಖ್’ ಎಂಬ ಒಂದು ಅಕ್ಷರವಿತ್ತು. ನೋಡಲು ಇಂಗ್ಲಿಷಿನ 3 ಅಂಕಿಯಂತೆ, ಕೆಳಗೆ ಬಾಲ ಎಳೆದ ಅಕ್ಷರ. ಅದರ ಉಚ್ಚಾರ ಯಕಾರ. ನಕಾರದ ಜೊತೆ ಯೋಖ್ ಸೇರಿಸಿದರೆ ಞಕಾರಕ್ಕೆ ಹತ್ತಿರದ ಧ್ವನಿ ಸಿಗುತ್ತಿತ್ತು. ಆ ಗುಮಾಸ್ತರು ಈ ಮನೆತನದ ಹೆಸರನ್ನು ಹಾಗೆಯೇ ಬರೆದರು. ಓದಿದರೆ ‘ಮಕೆನ್ಯಿ’ ಎಂದು ಕೇಳುತ್ತಿತ್ತು, ಅಂದರೆ ಗೇಲಿಕ್ ಉಚ್ಚಾರಕ್ಕೆ ತಕ್ಕಮಟ್ಟಿಗೆ ಹತ್ತಿರ. ಅವರ ಕಿವಿ ಚುರುಕಾಗಿತ್ತು, ಬರೆಹ ಪ್ರಾಮಾಣಿಕವಾಗಿತ್ತು.

ತೊಂದರೆ ಬಂದದ್ದು ಅಚ್ಚುಕೂಟದಿಂದ. ಸ್ಕಾಟ್ಲೆಂಡಿನ ಮೊದಲ ಮುದ್ರಣಾಲಯ 1508ರ ಹೊತ್ತಿಗೆ ಎಡಿನ್‌ಬರೋದಲ್ಲಿ ಕೆಲಸ ಆರಂಭಿಸಿತು. ಯುರೋಪಿನ ಬೇರೆ ದೇಶಗಳಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಯೋಖ್ ಇರಲಿಲ್ಲ. ಕೈಬರೆಹದಲ್ಲಿ ಅದನ್ನು ಹೋಲುತ್ತಿದ್ದ ಅಕ್ಷರ ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರವಾದ ಜೆಡ್. ಮುದ್ರಕರು ಯೋಖ್ ಇದ್ದಲ್ಲೆಲ್ಲ ಜೆಡ್ ಮೊಳೆ ಜೋಡಿಸಿದರು. ಓದುವವರಿಗೆ ಸರಿಯಾದ ಉಚ್ಚಾರ ಗೊತ್ತಿದ್ದುದರಿಂದ ಬಹುಕಾಲ ಇದು ಬಾಧಿಸಲಿಲ್ಲ. ಮುಂದೆ ಇಂಗ್ಲಿಷ್ ಓದು ಹೆಚ್ಚಿ, ಹೆಸರನ್ನು ಕಿವಿಯಿಂದ ಕೇಳಿ ಕಲಿಯುವ ಬದಲು ಕಾಗದದಲ್ಲಿ ನೋಡಿ ಕಲಿಯುವ ಜನ ಹೆಚ್ಚಾದರು. ಯಕಾರ ಹೋಗಿ ‘ಜ’ ಬಂತು. ಮೆಂಜೀಸ್ ಎಂಬ ಇನ್ನೊಂದು ಸ್ಕಾಟ್ ಅಡ್ಡಹೆಸರನ್ನು ಹಳೆಯ ಕ್ರಮ ಬಲ್ಲವರು ಇಂದಿಗೂ ‘ಮಿಂಗಿಸ್’ ಎನ್ನುತ್ತಾರೆ. ಡಾಲ್ಜಿಯಲ್ ಎಂದು ಬರೆದಿರುವುದನ್ನು ‘ಡಿಯೆಲ್’ ಎಂದು ಓದುತ್ತಾರೆ. ಆ ಹೆಸರುಗಳು ಜೆಡ್‌ನ ದಾಳಿಯಿಂದ ತಪ್ಪಿಸಿಕೊಂಡವು, ಮೆಕೆಂಜಿ ತಪ್ಪಿಸಿಕೊಳ್ಳಲಿಲ್ಲ. ಜಗತ್ತಿನ ಎಷ್ಟೋ ದೇಶಗಳಲ್ಲಿ ಇಂದು ಈ ಹೆಸರು ಹೊತ್ತವರೆಲ್ಲ ಉಚ್ಚರಿಸುವ ಜಕಾರ, ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಇಲ್ಲದೆ ಹೋದದ್ದರ ಫಲ.

‘ಮ್ಯಾಕ್’ ಎಂಬುದನ್ನು ಪೂರ್ತಿ ಬರೆಯುವುದು, ಎರಡೇ ಅಕ್ಷರಕ್ಕೆ ಮೊಟಕು ಮಾಡುವುದು, ಮುಂದಿನ ಅಕ್ಷರವನ್ನು ದೊಡ್ಡದಾಗಿ ಬರೆಯುವುದು, ಇವೆಲ್ಲ ಗುಮಾಸ್ತರ ಕೈವಾಡ. ಪೂರ್ತಿ ಬರೆದರೆ ಸ್ಕಾಟ್, ಮೊಟಕು ಮಾಡಿದರೆ ಐರಿಷ್ ಎಂಬ ಪ್ರಚಲಿತ ನಂಬಿಕೆಗೆ ಆಧಾರವಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರ ದಾಖಲೆಗಳಲ್ಲಿ ಎರಡೂ ಬಗೆ ಸಿಗುತ್ತವೆ.

ಹೆಸರಿಗೆ ಕಾರಣನಾದ ಕೊಞಖ್ ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಬಹಳ ಕಾಲ ರಾಜಮನ್ನಣೆ ಪಡೆದ ಕಥೆ. ಅದರ ಪ್ರಕಾರ ಕಾಲಿನ್ ಫಿಟ್ಜೆರಾಲ್ಡ್ ಎಂಬ ಐರ್ಲೆಂಡಿನ ನಾರ್ಮನ್ ಕುಲೀನ ಸ್ಕಾಟ್ಲೆಂಡಿಗೆ ಬಂದು, 1263ರಲ್ಲಿ ನಾರ್ವೆಯವರ ವಿರುದ್ಧ ನಡೆದ ಲಾರ್ಗ್ಸ್ ಕದನದಲ್ಲಿ ಮೂರನೆಯ ಅಲೆಕ್ಸಾಂಡರ್ ದೊರೆಯ ಪರ ಹೋರಾಡಿದ. ಬೇಟೆಯಲ್ಲಿ ರೊಚ್ಚಿಗೆದ್ದ ಗಂಡುಜಿಂಕೆಯೊಂದು ದೊರೆಯ ಮೇಲೆ ಎರಗಿದಾಗ ಅಡ್ಡ ನಿಂತು ಅವನ ಪ್ರಾಣ ಉಳಿಸಿದ. ಇದಕ್ಕೆ ಪ್ರತಿಯಾಗಿ 1266ರಲ್ಲಿ ಕಿನ್‌ಟೇಲ್ ಸೀಮೆಯ ಸನ್ನದು ಅವನಿಗೆ ದೊರೆಯಿತು. ಅವನ ವಂಶದ ಕೆನೆತ್‌ನಿಂದ ಮೆಕೆಂಜಿಗಳು ಬಂದರು. ಕುಲದ ಲಾಂಛನದಲ್ಲಿ ಜಿಂಕೆಯ ತಲೆ ಇರುವುದು, ಕುಲದ ಯಜಮಾನನಿಗೆ ‘ಕಾಬರ್ ಫೇ’, ಅಂದರೆ ಜಿಂಕೆಯ ಕೊಂಬು, ಎಂಬ ಬಿರುದಿರುವುದು ಈ ಬೇಟೆಯಿಂದಲೇ ಎಂದು ಕಥೆ ಹೇಳುತ್ತದೆ. ಕುಲದ ಯಜಮಾನ ಫ್ರಾನ್ಸಿಸ್ ಹಂಬರ್ಸ್ಟನ್ ಮೆಕೆಂಜಿ ಬೇಟೆಯ ಪ್ರಸಂಗವನ್ನು ಚಿತ್ರಕಾರ ಬೆಂಜಮಿನ್ ವೆಸ್ಟ್‌ನಿಂದ 1786ರಲ್ಲಿ ಬರೆಸಿದ. ಗೋಡೆ ತುಂಬುವಷ್ಟು ದೊಡ್ಡದಾದ ಆ ಚಿತ್ರ ಈಗ ಎಡಿನ್‌ಬರೋದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ.

ಇನ್ನೊಂದು ಉತ್ತರ ಇರುವುದು 1467ರಲ್ಲಿ ಗೇಲಿಕ್ ಭಾಷೆಯಲ್ಲೇ ಬರೆದ ಒಂದು ಹಸ್ತಪ್ರತಿಯಲ್ಲಿ. ಹೈಲ್ಯಾಂಡಿನ ಮನೆತನಗಳ ವಂಶಾವಳಿಗಳ ಸಂಗ್ರಹ ಅದು. ಅದರಲ್ಲಿ ಮೆಕೆಂಜಿಗಳ ಸಾಲು ಮಗನಿಂದ ತಂದೆಗೆ ಏರುತ್ತ ಏರುತ್ತ ‘ಆರ್ಡ್ ಸೀಮೆಯ ಗಿಲ್ಯೋನ್’ ಎಂಬ ಗೇಲಿಕ್ ಪುರುಷನಲ್ಲಿ ನಿಲ್ಲುತ್ತದೆ. ನಡುವೆ ಕೊಞಖ್ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಫಿಟ್ಜೆರಾಲ್ಡ್‌ನ ಸುಳಿವೇ ಇಲ್ಲ. ನೆರೆಯ ಮ್ಯಾಥಿಸನ್ ಕುಲವೂ ಇದೇ ಗಿಲ್ಯೋನನಿಂದ ಬಂದದ್ದು ಎಂದು ಹಸ್ತಪ್ರತಿ ಹೇಳುತ್ತದೆ. 19ನೆಯ ಶತಮಾನದಲ್ಲಿ ಇತಿಹಾಸಕಾರ ವಿಲಿಯಂ ಸ್ಕೀನ್ ಇದನ್ನು ಬೆಳಕಿಗೆ ತಂದು, ಫಿಟ್ಜೆರಾಲ್ಡ್ ಕಥೆಯನ್ನು ತಿರಸ್ಕರಿಸಿದ. 1266ರ ಸನ್ನದನ್ನು ವಿದ್ವಾಂಸರು ಈಗ ನಂಬುವುದಿಲ್ಲ. ಕಥೆಯನ್ನು ಹಬ್ಬಿಸಿದವರಲ್ಲಿ ಮುಖ್ಯನಾದವನು 17ನೆಯ ಶತಮಾನದ ಜಾರ್ಜ್ ಮೆಕೆಂಜಿ, ಮುಂದೆ ಕ್ರೋಮಾರ್ಟಿಯ ಮೊದಲ ಅರ್ಲ್, ಅಂದರೆ ದೊಡ್ಡ ಪ್ರಭು, ಆದವನು. ಒಂದು ಸಣ್ಣ ಸಂಗತಿ ಕಥೆಯ ಬುಡವನ್ನೇ ಅಲುಗಿಸುತ್ತದೆ: ಮೂಲಪುರುಷ ಕಾಲಿನ್ ಎಂಬವನೇ ಆಗಿದ್ದರೆ ಆ ಹೆಸರು ಪೀಳಿಗೆಯಿಂದ ಪೀಳಿಗೆಗೆ ಮರಳಿ ಬರಬೇಕಿತ್ತು, ಆದರೆ ಮೆಕೆಂಜಿ ಯಜಮಾನರಲ್ಲಿ 16ನೆಯ ಶತಮಾನದವರೆಗೆ ಒಬ್ಬ ಕಾಲಿನ್ ಕೂಡ ಇಲ್ಲ.

ಇಷ್ಟೆಲ್ಲ ಪ್ರಯಾಸಪಟ್ಟು ನಾರ್ಮನ್ ಮೂಲಪುರುಷನನ್ನು ಏಕೆ ಕಟ್ಟಿಕೊಂಡರು? 17ನೆಯ ಶತಮಾನದ ಎಡಿನ್‌ಬರೋದ ಕುಲೀನರ ನಡುವೆ ಗೇಲಿಕ್ ಮೂಲವೆಂದರೆ ಗೌರವ ಕಡಿಮೆ. ಅರ್ಲ್ ಪದವಿಗೆ ಏರಿದ ಮನೆಗೆ ಲ್ಯಾಟಿನ್ ಸನ್ನದಿನಲ್ಲಿ ಸಲ್ಲುವಂಥ ಹಿರಿಯ ಬೇಕಾಗಿದ್ದ. ಮೆಕೆಂಜಿಗಳು ಮಾತ್ರ ಹೀಗೆ ಮಾಡಿದವರಲ್ಲ, ಹೈಲ್ಯಾಂಡಿನ ಹಲವು ಕುಲಗಳು ನಾರ್ಮನ್, ನಾರ್ವೆಯ ಅಥವಾ ಐರಿಷ್ ರಾಜವಂಶದ ಬೇರು ಹುಡುಕಿಕೊಂಡವು. ಆದರೂ ಈ ಕಲ್ಪಿತ ಕಥೆಯನ್ನು ಬರಿಯ ಸುಳ್ಳೆಂದು ತಳ್ಳಿಹಾಕಿದರೆ ಒಂದು ಮುಖ್ಯ ಸಂಗತಿ ಕೈತಪ್ಪುತ್ತದೆ: ಕಥೆ ಹುಟ್ಟಿದ ಕಾಲಕ್ಕೆ ಆ ಮನೆತನ ಎಲ್ಲಿಗೆ ತಲುಪಿತ್ತು, ಯಾರ ಸಾಲಿನಲ್ಲಿ ಕೂರಲು ಬಯಸಿತ್ತು ಎಂಬುದಕ್ಕೆ ಅದು ನಂಬಿಕೆಗೆ ಅರ್ಹವಾದ ಸಾಕ್ಷಿ.

ತಲುಪಿದ ದಾರಿ ಕಿನ್‌ಟೇಲಿನಿಂದ ಹೊರಟದ್ದು. ಕಿನ್‌ಟೇಲ್ ಎಂದರೆ ಉಪ್ಪುನೀರಿನ ತುದಿ. ಸಮುದ್ರದ ಉದ್ದನೆಯ ಕೊಲ್ಲಿಗಳು ಬೆಟ್ಟಗಳ ಒಳಕ್ಕೆ ನುಗ್ಗಿ ಮುಗಿಯುವ ಜಾಗ. ಅಲ್ಲಿ ಮೂರು ಕೊಲ್ಲಿಗಳು ಕೂಡುವೆಡೆಯ ಸಣ್ಣ ನಡುಗಡ್ಡೆಯ ಮೇಲೆ ಐಲನ್ ಡೋನನ್ ಕೋಟೆ ನಿಂತಿದೆ. ಕೋಟೆ ಕಾಯುವ ಹೊಣೆ ಮ್ಯಾಕ್ರೇ ಕುಲದ್ದು. ಮೆಕೆಂಜಿಗಳ ಬೆಂಬಲಕ್ಕೆ ಅವರು ಎಷ್ಟು ಗಟ್ಟಿಯಾಗಿ ನಿಂತರೆಂದರೆ ‘ಮೆಕೆಂಜಿಯ ಉಕ್ಕಿನಂಗಿ’ ಎಂದೇ ಅವರನ್ನು ಕರೆಯುತ್ತಿದ್ದರು. ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣುವ ಮೊದಲ ಯಜಮಾನ 15ನೆಯ ಶತಮಾನದ ಅಲೆಕ್ಸಾಂಡರ್, ‘ನ್ಯಾಯವಂತ’ ಎಂಬ ಬಿರುದಿನವನು. ಅಲ್ಲಿಯತನಕ ಪಶ್ಚಿಮ ಕರಾವಳಿಯ ದೊಡ್ಡ ಶಕ್ತಿ ಮ್ಯಾಕ್‌ಡೊನಾಲ್ಡರ ‘ದ್ವೀಪಗಳ ಪ್ರಭುತ್ವ’. ಸ್ಕಾಟ್ಲೆಂಡಿನ ದೊರೆ 1493ರಲ್ಲಿ ಆ ಪ್ರಭುತ್ವವನ್ನು ರದ್ದು ಮಾಡಿದ. ಬಿದ್ದ ಮರದ ಜಾಗದಲ್ಲಿ ಬೆಳೆದವರಲ್ಲಿ ಮೆಕೆಂಜಿಗಳು ಮುಂದಿನವರು. ಕತ್ತಿಯನ್ನು ಅವರು ಬೇಕಾದಾಗ ಹಿರಿದರು, ಆದರೆ ಹೆಚ್ಚು ನೆಚ್ಚಿದ್ದು ದೊರೆಯ ಸ್ನೇಹ, ಕಾನೂನಿನ ಕಾಗದ ಮತ್ತು ಒಳ್ಳೆಯ ಮದುವೆಗಳನ್ನು. 1610ರಲ್ಲಿ ಲೂಯಿಸ್ ದ್ವೀಪ ಅವರ ವಶವಾದ ಬಗೆ ಇದಕ್ಕೆ ಒಳ್ಳೆಯ ನಿದರ್ಶನ. ಫೈಫ್ ಸೀಮೆಯ ತಗ್ಗುನಾಡಿನವರು 1598ರಿಂದ ಅಲ್ಲಿ ವಸಾಹತು ಹೂಡಲು ಹೋಗಿ, ದ್ವೀಪದ ಜನರ ವಿರೋಧದಿಂದ ಸೋತು ಸುಣ್ಣವಾಗಿದ್ದರು. ಕಿನ್‌ಟೇಲಿನ ಯಜಮಾನ ಅವರ ಹಕ್ಕನ್ನು ಕೊಂಡುಕೊಂಡ. 1623ರಲ್ಲಿ ಮನೆತನ ಸೀಫೋರ್ತ್ ಅರ್ಲ್ ಪದವಿ ಪಡೆಯಿತು; ಆ ಬಿರುದಿಗೆ ಹೆಸರು ಬಂದದ್ದೂ ಲೂಯಿಸ್ ದ್ವೀಪದ ಒಂದು ಕೊಲ್ಲಿಯಿಂದ. ಆಗ ಪೂರ್ವ ಕಡಲಿನಿಂದ ಪಶ್ಚಿಮದ ಹೊರದ್ವೀಪದವರೆಗೆ, ನಡುವೆ ಅಲ್ಲಲ್ಲಿ ಬೇರೆಯವರ ನೆಲ ಬಿಟ್ಟು, ಮೆಕೆಂಜಿಗಳ ಸೀಮೆ ಹರಡಿತ್ತು.

ಈ ಹೆಸರು ಅಷ್ಟು ಹರಡಿರುವುದಕ್ಕೆ ನಿಜವಾದ ಕಾರಣ ಇರುವುದು ಈ ನೆಲದ ವಿಸ್ತಾರದಲ್ಲಿ. ಒಬ್ಬ ಕೊಞಖನ ಗಂಡುಸಂತಾನ ಎಷ್ಟೇ ಸಮೃದ್ಧವಾಗಿದ್ದರೂ ಕೆಲವು ಶತಮಾನಗಳಲ್ಲಿ ಹಲವು ತಾಲೂಕುಗಳನ್ನು ತುಂಬುವಷ್ಟು ಬೆಳೆಯುವುದಿಲ್ಲ. ಹೈಲ್ಯಾಂಡಿನ ಸಾಮಾನ್ಯ ಒಕ್ಕಲಿಗೆ 17ನೆಯ ಶತಮಾನದವರೆಗೂ, ಎಷ್ಟೋ ಕಡೆ ಅದರಾಚೆಗೂ, ಖಾಯಂ ಅಡ್ಡಹೆಸರೇ ಇರಲಿಲ್ಲ. ಅವನು ತನ್ನ ತಂದೆಯ ಮಗ, ತಾತನ ಮೊಮ್ಮಗ; ಹೆಸರು ಪೀಳಿಗೆಗೊಮ್ಮೆ ಬದಲಾಗುತ್ತಿತ್ತು. ಗೇಣಿ ಪಟ್ಟಿ, ಚರ್ಚಿನ ದಾಖಲೆ, ಸೈನ್ಯದ ಹಾಜರಿ ಪುಸ್ತಕ ಬಂದಾಗ ಗುಮಾಸ್ತನಿಗೆ ಬದಲಾಗದ ಹೆಸರೊಂದು ಬೇಕಾಯಿತು. ಯಾರ ನೆಲದಲ್ಲಿ ಉಳುತ್ತಿದ್ದನೋ, ಯಾರ ರಕ್ಷಣೆಯಲ್ಲಿ ಬದುಕುತ್ತಿದ್ದನೋ, ಯಾರ ಕರೆ ಬಂದರೆ ಕತ್ತಿ ಹಿಡಿದು ಹೋಗಬೇಕಾಗಿತ್ತೋ ಆ ಯಜಮಾನನ ಹೆಸರನ್ನೇ ಒಕ್ಕಲು ತನ್ನದಾಗಿ ಹೇಳಿದ. ಅದರಲ್ಲಿ ಮೋಸವೇನೂ ಇರಲಿಲ್ಲ. ಗೇಲಿಕ್ ಭಾಷೆಯ ‘ಕ್ಲಾನ್’ ಪದಕ್ಕೆ ಮಕ್ಕಳು ಎಂದೇ ಅರ್ಥ, ಯಜಮಾನನ ಆಶ್ರಯದಲ್ಲಿದ್ದವರೆಲ್ಲ ಆ ಲೆಕ್ಕದಲ್ಲಿ ಅವನ ಮಕ್ಕಳೇ. ಆದ್ದರಿಂದ ಮೆಕೆಂಜಿ ಎಂಬ ಹೆಸರು ರಕ್ತಸಂಬಂಧಕ್ಕೆ ಸಾಕ್ಷಿ ಎನ್ನುವುದಕ್ಕಿಂತ ಹಿಂದೊಮ್ಮೆ ಸೀಫೋರ್ತ್ ಮನೆಯ ಅಧಿಕಾರ ಎಲ್ಲೆಲ್ಲಿ ನಡೆಯಿತು ಎಂಬುದಕ್ಕೆ ಸಾಕ್ಷಿ ಎನ್ನುವುದು ಹೆಚ್ಚು ಸರಿ. ಸ್ಕಾಟ್ಲೆಂಡಿನಲ್ಲಿ 1855ರ ಜನವರಿ 1ರಂದು ಜನನ ಮರಣ ನೋಂದಣಿ ಕಡ್ಡಾಯವಾದ ಮೇಲೆ ಅಡ್ಡಹೆಸರು ಬದಲಾಗುವ ಕಾಲ ಮುಗಿಯಿತು.

ಹೀಗೆ ಒಂದೇ ಊರಿನಲ್ಲಿ ಹತ್ತಾರು ಮನೆಗಳು ಮೆಕೆಂಜಿ ಆದಾಗ ಅಡ್ಡಹೆಸರು ದಿನಬಳಕೆಗೆ ಉಪಯೋಗವಿಲ್ಲದ್ದಾಯಿತು. ಲೂಯಿಸ್ ದ್ವೀಪದ ಹಳ್ಳಿಗಳಲ್ಲಿ ಜನ ಇದಕ್ಕೆ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡರು. ಕಾಗದದಲ್ಲಿ ಕೆನೆತ್ ಮೆಕೆಂಜಿ ಎಂದಿರುವವನು ಊರವರ ಬಾಯಲ್ಲಿ ‘ಕೊಞಖ್ ಇಯಾನ್ ಅಲಸ್ತರ್’, ಅಂದರೆ ಅಲಸ್ತರನ ಮಗ ಇಯಾನ್, ಇಯಾನನ ಮಗ ಕೊಞಖ್. ತಂದೆ ತಾತಂದಿರನ್ನು ಹೀಗೆ ಪೋಣಿಸಿ ಹೇಳುವುದಕ್ಕೆ ಅಲ್ಲಿಯವರು ‘ಸ್ಲೋನ್ಯಗ್’ ಎನ್ನುತ್ತಾರೆ. ಅದೂ ಸಾಲದಿದ್ದರೆ ಮೈಬಣ್ಣ, ಕೂದಲ ಬಣ್ಣ, ಕಸುಬು, ಎಂದೋ ನಡೆದ ಘಟನೆ, ಯಾವುದರಿಂದಲಾದರೂ ಒಂದು ಅನ್ವರ್ಥನಾಮ. ಶ್ರೀಮಂತ ಶಾಖೆಗಳು ತಮ್ಮನ್ನು ಗುರುತಿಸಿಕೊಂಡದ್ದು ಜಮೀನಿನ ಹೆಸರಿನಿಂದ: ಗೇರ್‌ಲಾಖಿನ ಮೆಕೆಂಜಿಗಳು, ಕೂಲ್‌ನ ಮೆಕೆಂಜಿಗಳು, ಸ್ಕ್ಯಾಟ್‌ವೆಲ್ಲಿನ ಮೆಕೆಂಜಿಗಳು.

18ನೆಯ ಶತಮಾನ ಈ ಮನೆತನದ ಪಾಲಿಗೆ ಕುಸಿತದ ಕಾಲ. ಪದಚ್ಯುತ ಸ್ಟೂಅರ್ಟ್ ರಾಜವಂಶದ ಪರವಾಗಿ 1715ರಲ್ಲಿ ದಂಗೆ ಎದ್ದ ಐದನೆಯ ಸೀಫೋರ್ತ್ ಅರ್ಲ್ ಪದವಿಯನ್ನೂ ಜಮೀನನ್ನೂ ಕಳೆದುಕೊಂಡ. 1719ರಲ್ಲಿ ಮತ್ತೊಂದು ಪ್ರಯತ್ನ ನಡೆದು, ಸ್ಪೇನಿನ ಸೈನಿಕರ ಒಂದು ತುಕಡಿ ಐಲನ್ ಡೋನನ್ ಕೋಟೆಯಲ್ಲಿ ಬೀಡುಬಿಟ್ಟಿತು. ಬ್ರಿಟಿಷ್ ಯುದ್ಧನೌಕೆಗಳು ಕೋಟೆಯನ್ನು ತೋಪುಗಳಿಂದ ಒಡೆದು ಹಾಳುಗೆಡವಿದವು. ಅದು ಇನ್ನೂರು ವರ್ಷ ಪಾಳುಬಿದ್ದಿತ್ತು. ಇಂದು ಪ್ರವಾಸಿಗರು ನೋಡುವ ಕಟ್ಟಡ 1932ರಲ್ಲಿ ಪೂರ್ತಿಯಾದ ಪುನರ್ನಿರ್ಮಾಣ. ಅದನ್ನು ಕಟ್ಟಿಸಿದವನೂ ಮ್ಯಾಕ್ರೇ ಕುಲದವನೇ.

ಕಳೆದುಹೋದ ಮಾನವನ್ನು ಮರಳಿ ಪಡೆಯಲು ಮೆಕೆಂಜಿಗಳು ಹಿಡಿದ ದಾರಿ ಬ್ರಿಟಿಷ್ ದೊರೆಗೆ ಸೈನ್ಯ ಕಟ್ಟಿಕೊಡುವುದು. ಆ ದಾರಿ ಅವರನ್ನು ಮೈಸೂರು ಸೀಮೆಗೆ ತಂದಿತು. ಕ್ರೋಮಾರ್ಟಿ ಶಾಖೆಯ ಜಾನ್ ಮೆಕೆಂಜಿ, ಮದುವೆಯ ಸಂಬಂಧದಿಂದ ಮನೆಗೆ ಬಂದ ಬಿರುದಿನಿಂದಾಗಿ ಲಾರ್ಡ್ ಮ್ಯಾಕ್ಲೌಡ್ ಎನಿಸಿಕೊಂಡವನು, ಸ್ಟೂಅರ್ಟ್ ಪರವಾದ 1745ರ ದಂಗೆಯಲ್ಲಿ ಹುಡುಗನಾಗಿದ್ದಾಗಲೇ ಸಿಕ್ಕಿಬಿದ್ದು ಕ್ಷಮೆ ಪಡೆದು ಸ್ವೀಡನ್ನಿನ ಸೈನ್ಯ ಸೇರಿದ್ದ. ಅವನು 1777ರಲ್ಲಿ ಕಟ್ಟಿದ ಹೈಲ್ಯಾಂಡ್ ದಳ 1780ರಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ವರ್ಷ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಬ್ರಿಟಿಷ್ ತುಕಡಿಯನ್ನು ಸದೆಬಡಿದಾಗ ಈ ದಳದ ಒಂದು ಭಾಗ ಅಲ್ಲಿ ನಾಶವಾಯಿತು. ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಒಬ್ಬ. 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಅವನೇ 1799ರ ಮೇ 4ರಂದು ಅದೇ ಪಟ್ಟಣದ ಮೇಲಿನ ದಾಳಿಗೆ ಮುಂದಾಳಾದ. ಸೀಫೋರ್ತ್ ಮನೆ 1778ರಲ್ಲಿ ಕಟ್ಟಿದ ಇನ್ನೊಂದು ದಳವೂ ಇಂಡಿಯಾಕ್ಕೆ ಬಂತು. ದಳವನ್ನು ಕಟ್ಟಿದವನು, ಮನೆ ಕಳೆದುಕೊಂಡಿದ್ದ ಪದವಿಯನ್ನು ಹೊಸದಾಗಿ ಪಡೆದಿದ್ದ ಅರ್ಲ್, 1781ರಲ್ಲಿ ದಾರಿಯಲ್ಲೇ, ಕಡಲಿನ ಮೇಲೆ ತೀರಿಕೊಂಡ. ಹಸಿರು ನೀಲಿ ಚೌಕಗಳ ನಡುವೆ ಬಿಳಿ, ಕೆಂಪು ಗೆರೆ ಎಳೆದ ಮೆಕೆಂಜಿ ಟಾರ್ಟನ್ ಬಟ್ಟೆ ಮೊದಲಿಗೆ ಈ ಸೈನಿಕರ ಸಮವಸ್ತ್ರ. ಅದು ಕುಲದ ಪುರಾತನ ಬಟ್ಟೆಯೆಂಬ ನಂಬಿಕೆ ಬಂದದ್ದು ಆಮೇಲೆ.

ಕನ್ನಡನಾಡು ಈ ಹೆಸರನ್ನು ನೆನೆಯುವುದು ಈ ದಳಗಳಿಂದಾಗಿ ಅಲ್ಲ, ಕಾಲಿನ್ ಮೆಕೆಂಜಿಯಿಂದಾಗಿ. ಅವನು ಹುಟ್ಟಿದ್ದು 1754ರ ಸುಮಾರಿಗೆ, ಸೀಫೋರ್ತ್ ಮನೆಯ ಆಳ್ವಿಕೆಯಲ್ಲಿದ್ದ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರುಪೇಟೆಯಲ್ಲಿ. ತಂದೆ ವ್ಯಾಪಾರಿ. ಈಸ್ಟ್ ಇಂಡಿಯಾ ಕಂಪನಿಯ ಸೇವೆ ಸೇರಿ 1783ರಲ್ಲಿ ಮದರಾಸಿಗೆ ಬಂದ ಅವನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದ. ಟಿಪ್ಪುವಿನ ಪತನದ ನಂತರ ಸುಮಾರು 40,000 ಚದರ ಮೈಲಿ ವಿಸ್ತಾರದ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ನೆಲ ಅಳೆಯುವ ಜೊತೆಗೆ ಆ ನೆಲದ ನೆನಪನ್ನೂ ಅವನು ಬರೆಸಿಕೊಂಡ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ ಮೊದಲಾದವರು ಊರೂರಿಗೆ ಹೋಗಿ ಶಾಸನಗಳ ನಕಲು ತೆಗೆದರು. ಶ್ಯಾನುಭೋಗರು, ಅರ್ಚಕರು, ಪಾಳೆಯಗಾರರ ಮನೆಯವರು ಹೇಳಿದ್ದನ್ನು, ಇಟ್ಟುಕೊಂಡಿದ್ದ ಕಡತಗಳಲ್ಲಿದ್ದುದನ್ನು ಬರೆದು ತಂದರು. ಕೈಫಿಯತ್ತುಗಳೆಂದು ಹೆಸರಾದ ಬರೆಹಗಳು ಅವೇ. 1821ರಲ್ಲಿ ಕಲಕತ್ತೆಯ ಬಳಿ ಅವನು ತೀರಿಕೊಂಡಾಗ ಸಂಗ್ರಹದಲ್ಲಿ 8,076 ಶಾಸನಗಳ ಪ್ರತಿಗಳೂ 6,218 ನಾಣ್ಯಗಳೂ ಇದ್ದವು. ಸರ್ಕಾರ ಅದನ್ನು 10,000 ಪೌಂಡಿಗೆ ಕೊಂಡಿತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಚಿತ್ರಕಾರ ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಅವನ ಭಾವಚಿತ್ರ ಒಂದಿದೆ. ಕೆಂಪು ಕೋಟು ತೊಟ್ಟ ಎತ್ತರದ ಮೆಕೆಂಜಿ, ಸುತ್ತ ಮೂವರು ಭಾರತೀಯ ಸಹಾಯಕರು. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿಂದೆ, ಗುಡ್ಡದ ಮೇಲೆ, ಪುಟ್ಟದಾಗಿ ಗೊಮ್ಮಟನ ಮೂರ್ತಿ. ಇಂಥ ಸಹಾಯಕರು ಬರೆದು ತಂದ ಕೈಫಿಯತ್ತುಗಳಲ್ಲಿ ಬರುವ ಎಷ್ಟೋ ಪಾಳೆಯಗಾರ ಮನೆಗಳ ವಂಶಾವಳಿ ಹೀಗಿದೆ: ಎಲ್ಲಿಂದಲೋ ಬಂದ ಮೂಲಪುರುಷ, ದೊರೆಯ ಮುಂದೆ ಮೆರೆದ ಒಂದು ಸಾಹಸ, ಮೆಚ್ಚಿದ ದೊರೆ ಕೊಟ್ಟ ಉಂಬಳಿ. ಬೇಟೆ, ಜಿಂಕೆ, ಕಿನ್‌ಟೇಲ್ ಸನ್ನದುಗಳ ಫಿಟ್ಜೆರಾಲ್ಡ್ ಕಥೆಯೂ ಇದೇ ಅಚ್ಚಿನದು. ತನ್ನ ಮನೆತನದ ಬಗ್ಗೆ ಅಂಥ ಕಥೆ ಚಾಲ್ತಿಯಲ್ಲಿದ್ದ ನಾಡಿನಿಂದ ಬಂದವನು ಇಲ್ಲಿಯ ಕಥೆಗಳನ್ನು ಕಟ್ಟುಕತೆಯೆಂದು ಎಸೆಯದೆ ಜತನದಿಂದ ಬರೆಸಿಟ್ಟದ್ದು ಕನ್ನಡದ ಚರಿತ್ರೆಗೆ ದೊಡ್ಡ ಲಾಭ.

ಅದೇ ಸ್ಟಾರ್ನೊವೇಯಿಂದ ಹೊರಟ ಇನ್ನೊಬ್ಬನು ಅಲೆಕ್ಸಾಂಡರ್ ಮೆಕೆಂಜಿ. ಕೆನಡಾದಲ್ಲಿ ತುಪ್ಪಳದ ವ್ಯಾಪಾರಿಯಾಗಿ, ಶಾಂತಸಾಗರದ ದಾರಿ ಹುಡುಕುತ್ತ 1789ರಲ್ಲಿ ಒಂದು ಮಹಾನದಿಯ ಗುಂಟ ಸಾಗಿ ಉತ್ತರ ಹಿಮಸಾಗರ ತಲುಪಿದ. ಆ ನದಿಗೆ ಈಗ ಅವನದೇ ಹೆಸರು. 1793ರಲ್ಲಿ ಅವನು ನೆಲಮಾರ್ಗವಾಗಿ ಶಾಂತಸಾಗರವನ್ನೂ ಮುಟ್ಟಿದ. ಇಂಥ ಹೆಸರಾಂತರಿಗಿಂತ ಎಷ್ಟೋ ಪಾಲು ಹೆಚ್ಚು, ಹೆಸರಿಲ್ಲದೆ ಹೋದ ಮೆಕೆಂಜಿಗಳು. 1773ರಲ್ಲಿ ಸುಮಾರು 200 ಜನರನ್ನು ಹೊತ್ತು ‘ಹೆಕ್ಟರ್’ ಹಡಗು ಕೆನಡಾದ ನೋವಾಸ್ಕೋಶಿಯಾಕ್ಕೆ ಹೊರಟದ್ದು ಮೆಕೆಂಜಿ ಸೀಮೆಯ ಲಾಖ್ ಬ್ರೂಮ್ ಕೊಲ್ಲಿಯಿಂದ. ಆಮೇಲಿನ ದಶಕಗಳಲ್ಲಿ ಜಮೀನುದಾರರು ಕುರಿಸಾಕಣೆಗೆ ಜಾಗ ಮಾಡಲು ಒಕ್ಕಲುಗಳನ್ನು ಎಬ್ಬಿಸಿದಾಗ, ಯಜಮಾನನ ಹೆಸರನ್ನು ತಮ್ಮದಾಗಿಸಿಕೊಂಡವರು ಆ ಹೆಸರೊಂದನ್ನೇ ಕಟ್ಟಿಕೊಂಡು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿದರು. ಸಾಲದ ಹೊರೆಯಲ್ಲಿದ್ದ ಸೀಫೋರ್ತ್ ಮನೆಗೂ ನೆಲ ಉಳಿಯಲಿಲ್ಲ. ಅರ್ಲ್ ಪದವಿ 1781ಕ್ಕೇ ಮುಗಿದಿತ್ತು. ಬೆಂಜಮಿನ್ ವೆಸ್ಟ್‌ನಿಂದ ಚಿತ್ರ ಬರೆಸಿದ ಫ್ರಾನ್ಸಿಸ್ ಹೊಸದಾಗಿ ಲಾರ್ಡ್ ಸೀಫೋರ್ತ್ ಎನಿಸಿಕೊಂಡರೂ ಗಂಡುಮಕ್ಕಳನ್ನೆಲ್ಲ ಕಳೆದುಕೊಂಡು 1815ರಲ್ಲಿ ತೀರಿಕೊಂಡ. ಲೂಯಿಸ್ ದ್ವೀಪ 1844ರಲ್ಲಿ ಮಾರಾಟವಾಯಿತು. ಕೊಂಡವನು ಚೀನಾದ ಅಫೀಮು ವ್ಯಾಪಾರದಲ್ಲಿ ಹಣ ಮಾಡಿದ ಜೇಮ್ಸ್ ಮ್ಯಾಥಿಸನ್. 1467ರ ಹಸ್ತಪ್ರತಿಯ ಮಾತನ್ನು ಒಪ್ಪುವುದಾದರೆ, ದ್ವೀಪ ಗಿಲ್ಯೋನನ ಒಂದು ಕವಲಿನಿಂದ ಇನ್ನೊಂದು ಕವಲಿಗೆ ಹೋಯಿತು.

ಕುಲದ ಯಜಮಾನಿಕೆ ಈಗ ಕ್ರೋಮಾರ್ಟಿ ಅರ್ಲ್ ಮನೆಯಲ್ಲಿದೆ. ಕಾಬರ್ ಫೇ ಎಂಬ ಬಿರುದೂ ಅವರದೇ. ಅಮೆರಿಕದಲ್ಲಿ 1990ರ ದಶಕದಿಂದ ಮೆಕೆಂಜಿ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಜನಪ್ರಿಯ ಹೆಸರಾಗಿದೆ, ಬಗೆಬಗೆಯ ಕಾಗುಣಿತದಲ್ಲಿ. ‘ಮಾಕ್’ ಎಂದರೆ ಮಗ ಎಂಬ ಅರ್ಥ ಅಲ್ಲಿ ಪೂರ್ತಿ ಅಳಿಸಿಹೋಗಿದೆ. ಗೇಲಿಕ್ ಇನ್ನೂ ಬಾಳುತ್ತಿರುವ ಪಶ್ಚಿಮ ದ್ವೀಪಗಳಲ್ಲಿ, ಗೇಲಿಕ್ ಮಾಧ್ಯಮದ ಶಾಲೆಗಳಲ್ಲಿ, ಆಕಾಶವಾಣಿ ದೂರದರ್ಶನಗಳಲ್ಲಿ ಹೆಂಗಸರು ‘ನಿಕ್ ಕೊಞಿಖ್’ ಎಂದೇ ಹೆಸರು ಹೇಳುತ್ತಾರೆ, ಗಂಡಸರು ‘ಮಾಕ್ ಕೊಞಿಖ್’ ಎಂದು. ಬರೆಹದಲ್ಲಾಗಲಿ ಉಚ್ಚಾರದಲ್ಲಾಗಲಿ ಅಲ್ಲಿ ಜಕಾರವಿಲ್ಲ.